ಬಸ್ಸು ಕಾಯುವವರು

ಜೂನ್ ೧೪

ಪ್ರೀತಿಯ ಗುಬ್ಬಿಗೆ, ನಿನ್ನ ಅತ್ತಿಗೆಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ಮೇಜಿನ ಮೇಲೆ ಬಿದ್ದುಕೊಂಡಿದೆ. ಅದರ ಮೇಲೆ ಚಹಾ ಲೋಟದ ಉಂಗುರವೂ ಮೂಡಿದೆ. ಉತ್ತರ ಬರೆಯಲಿಲ್ಲವೆಂದು ನೀನು ಮುಖ ಊದಿಸಿಕೊಂಡಿರುತ್ತೀಯ, ನನಗೆ ಗೊತ್ತು. ಏನು ಮಾಡಲಿ ಹೇಳು, ಶಾಲೆಗಳು ಶುರುವಾಗುವ ಕಾಲ. ಒಂದು ಶಾಲೆಯವರು ತಮ್ಮ ಬಸ್ಸುಗಳ ಸೀಟುಗಳನ್ನೆಲ್ಲ ಕಿತ್ತು ತಂದು ನಮ್ಮ ಅಂಗಡಿಯ ಮುಂದೆ ರಾಶಿ ಹಾಕಿದರು. ಮಕ್ಕಳು ಪೆನ್ಸಿಲ್ಲಿನಿಂದ ತಿವಿದು ತಿವಿದು ಒಳಗಿನ ಫೋಮನ್ನೆಲ್ಲ ಹೊರಗೆ ಎಳೆದಿದ್ದಾರೆ. ಹಳೆಯ ರೆಕ್ಸಿನ್ ಬಿಚ್ಚಿ, ಹೊಸದನ್ನು ಕತ್ತರಿಸಿ, ಅಂಚು ಹೊಲಿದು, ತಗಡಿಗೆ ಎಳೆದು ಬಿಗಿಯುವಷ್ಟರಲ್ಲಿ ನನ್ನ ಹೆಬ್ಬೆರಳು ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಇವತ್ತು ಸ್ವಲ್ಪ ಸರಿಯಾಗಿದೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಬಹುದಿತ್ತು. ಆದರೆ ನಾನು ಫೋನ್ ಎತ್ತಿಕೊಂಡರೆ ಸಾಕು, ನಿನ್ನ ಅಣ್ಣ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಕೂತು, "ಅವಳಿಗೆ ಇದನ್ನೂ ಹೇಳು, ಅದನ್ನೂ ಹೇಳು" ಎನ್ನುತ್ತಾರೆ. ಅವರ ಮೇಲೆ ದೂರು ಹೇಳುವಾಗ ಅವರೇ ಪಕ್ಕದಲ್ಲಿ ಕೂತು ಸರಿಪಡಿಸುತ್ತಿದ್ದರೆ ಅದಕ್ಕೆ ರುಚಿ ಎಲ್ಲಿರುತ್ತದೆ? ಆದ್ದರಿಂದ ಕಾಗದ. ಇದನ್ನು ಊಟದ ಬಿಡುವಿನಲ್ಲಿ ಅಂಗಡಿಯಲ್ಲಿ ಬರೆಯುತ್ತಿದ್ದೇನೆ. ಎಲ್ಲಾದರೂ ಎಣ್ಣೆಯ ಕಲೆ ಕಂಡರೆ ಅದು ಮಿಷನ್ನಿನದು.

ವಿಷಯಕ್ಕೆ ಬರುತ್ತೇನೆ. ನಿನ್ನ ಅಣ್ಣ ಟೂರಿಸ್ಟ್ ಬಸ್ಸಿನ ಕೀಲಿಕೈಯನ್ನು ಮಾಲೀಕರ ಮೇಜಿನ ಮೇಲೆ ಇಟ್ಟು ಮನೆಗೆ ಬಂದದ್ದು ನಿನಗೆ ಗೊತ್ತೇ ಇದೆ. ಅವರು ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆವತ್ತೇ ನನ್ನ ಮಗಳು, ಔಷಧದ ಅಂಗಡಿಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಹೇಳಿದಳು: "ಅಪ್ಪ, ಊರವರನ್ನೆಲ್ಲ ಆ ಬಿಳಿ ಗೋರಿ ನೋಡೋಕೆ ಕರ್ಕೊಂಡು ಹೋದೆ. ಈಗ ಅಮ್ಮನ್ನ ಕರ್ಕೊಂಡು ಹೋಗು. ಅತ್ತೆ, ಮಾವನೂ ಬರಲಿ." ನಿನ್ನ ಅಣ್ಣ "ಹೂಂ" ಎಂದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿಯೂ ಅವರ ಹೂಂ ಯಾವುದು, ಉಹೂಂ ಯಾವುದು ಎಂದು ನನಗೆ ಗೊತ್ತಾಗುವುದಿಲ್ಲ ನೋಡು.

ಅಲ್ಲಿಂದ ಶುರುವಾಯಿತು. ಚಳಿಗಾಲದಲ್ಲಿ ಹೋಗೋಣ ಎಂದರೆ, "ಮಂಜು ಬೀಳುತ್ತೆ, ರೈಲು ಹೊಲದ ಮಧ್ಯೆ ನಿಂತುಬಿಡುತ್ತೆ" ಎನ್ನುತ್ತಾರೆ. ಬೇಸಿಗೆಯಲ್ಲಿ ಎಂದರೆ, "ಆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತರೆ ಅಂಗಾಲು ಹಪ್ಪಳ." ಮಳೆಗಾಲದಲ್ಲಿ ಎಂದರೆ ನನ್ನ ಮುಖವನ್ನೇ ನೋಡುತ್ತಾರೆ, ಇವಳಿಗೆ ಬುದ್ಧಿ ನೆಟ್ಟಗಿದೆಯೇ ಎನ್ನುವಂತೆ. ಶುಕ್ರವಾರ ಬಾಗಿಲು ಹಾಕಿರುತ್ತಾರೆ, ಶನಿವಾರ ಭಾನುವಾರ ಜನ. ಒಂದು ಸಲ ಅಂತೂ ಬಹಳ ಗಂಭೀರವಾಗಿ, "ಅದಕ್ಕೆ ಈಗ ಮಣ್ಣು ಮೆತ್ತಿ ತೊಳೀತಿದ್ದಾರಂತೆ. ಅರ್ಧ ಮುಚ್ಚಿರುತ್ತೆ. ತೊಳೆದು ಮುಗೀಲಿ" ಎಂದರು. ರಾಜ ತನ್ನ ರಾಣಿಗಾಗಿ ಅದನ್ನು ಕಟ್ಟಿಸಿ ಮುಗಿಸಿದ, ಇವರಿಗೆ ನನ್ನನ್ನು ರೈಲು ಹತ್ತಿಸಲು ಆಗುತ್ತಿಲ್ಲ.

ನಿನ್ನ ಯಜಮಾನರು, ನಮ್ಮ ಮೇಷ್ಟ್ರು, ಕಳಿಸಿದ ಯೋಜನೆಯೂ ತಲುಪಿತು. ಚರಿತ್ರೆ ಪಾಠ ಮಾಡುವವರ ಜೊತೆ ಪ್ರವಾಸ ಹೋಗುವುದೆಂದರೆ ಇದು. ಸೂರ್ಯ ಹುಟ್ಟುವಾಗ ಗೋರಿಯ ಎದುರು, ಸೂರ್ಯ ಮುಳುಗುವಾಗ ನದಿಯ ಆಚೆ ದಡದಲ್ಲಿ, ನಡುವೆ ಕೆಂಪು ಕೋಟೆ, ಮಾರನೆಯ ದಿನ ನೀರಿಲ್ಲವೆಂದು ಬಿಟ್ಟುಹೋದ ಹಳೆಯ ರಾಜಧಾನಿ. ನಾವು ತಿನ್ನುವುದು ಯಾವಾಗ, ನನ್ನ ಮಂಡಿ ಬಗ್ಗುವುದು ಯಾವಾಗ ಎಂದು ಅದರಲ್ಲಿ ಎಲ್ಲೂ ಇಲ್ಲ. ಅವರಿಗೆ ಹೇಳು, ಕೋಟೆಯಲ್ಲಿ ಅವರು ಬೇಕಾದಷ್ಟು ಹೊತ್ತು ಇರಲಿ, ನಾನು ಒಂದು ಕಂಬಕ್ಕೆ ಒರಗಿ ಕೂತಿರುತ್ತೇನೆ.

ನನಗೆ ಬೇಕಾಗಿರುವುದು ಒಂದೇ ಗುಬ್ಬಿ. ಆ ಗೋರಿಯ ಒಳಗೆ ಹೋಗಿ ಗುಮ್ಮಟದ ಕೆಳಗೆ ನಿಂತು ಒಂದು ಸಲ ಕೂಗಬೇಕು. ನಿನ್ನ ಅಣ್ಣ ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು, ನೀನೂ ಕೇಳಿದ್ದೀಯ: "ಅಲ್ಲಿ ನಿಂತು ಒಂದು ಹೆಸರು ಕರೆದರೆ ಅದು ಮೇಲೆ ಹೋಗಿ ಸುತ್ತುತ್ತೆ. ಸುತ್ತುತ್ತಲೇ ಇರುತ್ತೆ. ಕರೆದವನ ಉಸಿರು ಮುಗಿದರೂ ಅದು ಮುಗಿಯೋದಿಲ್ಲ." ನಮ್ಮ ಬೀದಿಯ ಮಕ್ಕಳೆಲ್ಲ ಇದನ್ನು ಕೇಳಿಕೊಂಡೇ ಬೆಳೆದವು. ಯಾಕೆ ಕೂಗಬೇಕು ಎಂದು ಕೇಳಬೇಡ. ಹುಚ್ಚು ಎಂದುಕೋ. ದೇಶ ಸುತ್ತುವವರು ಕೂರುವ ಸೀಟುಗಳನ್ನು ಹೊಲಿದು ಹೊಲಿದು ನನ್ನ ಕಣ್ಣು ಮಂಜಾಯಿತು, ನಾನು ಮಾತ್ರ ಈ ಊರಿನ ಬಸ್ ನಿಲ್ದಾಣ ದಾಟಿಲ್ಲ. ಒಂದು ಹುಚ್ಚನ್ನು ಇಟ್ಟುಕೊಳ್ಳುವ ಹಕ್ಕು ನನಗಿದೆ.

ಆಸ್ಪತ್ರೆಯವರನ್ನು ಕೇಳಿ ಚಳಿಗಾಲಕ್ಕೆ ರಜೆ ಹಾಕು. ವಾರ್ಡಿನ ದೊಡ್ಡ ನರ್ಸಮ್ಮ ಇಲ್ಲದಿದ್ದರೂ ರೋಗಿಗಳು ಹುಷಾರಾಗುತ್ತಾರೆ.

ಇಂತಿ ನಿನ್ನ
ಅತ್ತಿಗೆ

ಮರೆತಿದ್ದೆ: ಮೇಷ್ಟ್ರನ್ನು ಒಂದು ಮಾತು ಕೇಳು. ಈಗಲೂ ಒಳಗೆ ಕೂಗಲು ಬಿಡುತ್ತಾರೆಯೇ? ಪೂರ್ತಿ ಪಾಠ ಬೇಡ, ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.


ಸೆಪ್ಟೆಂಬರ್ ೨೨

ಗುಬ್ಬಿ,

ನಿನ್ನ ಮೇಷ್ಟ್ರು ಉತ್ತರಪತ್ರಿಕೆ ತಿದ್ದಲು ಬಂದವರು ನಮ್ಮಲ್ಲೇ ಉಳಿದು ನಿನ್ನೆ ಹೊರಟರು. ಸುಖವಾಗಿ ತಲುಪಿರಬೇಕು. ಇಲ್ಲಿ ನಡೆದದ್ದನ್ನು ಅವರು ತಮ್ಮ ಧಾಟಿಯಲ್ಲಿ ಹೇಳುವ ಮೊದಲು ನಾನು ನನ್ನ ಧಾಟಿಯಲ್ಲಿ ಹೇಳಿಬಿಡುತ್ತೇನೆ. ಕಳೆದ ಸಲ ನೀನು ಬೇಗ ಉತ್ತರ ಬರೆದಿದ್ದಕ್ಕೆ ಸಂತೋಷ. ನಾನು ಮತ್ತೆ ತಡಮಾಡಿದ್ದಕ್ಕೆ ಬೈದುಕೋ, ಬೈದು ಮುಂದಕ್ಕೆ ಓದು.

ಕೂಗುವುದರ ಬಗ್ಗೆ ಮೇಷ್ಟ್ರು ಹೇಳಿದರು. ಈಗ ಕಾವಲಿನವರು ಸುಮ್ಮನಿರಿ ಎನ್ನುತ್ತಾರಂತೆ. ಸರಿ, ಮೆಲ್ಲಗೆ ಕರೆಯುತ್ತೇನೆ. ಮೆಲ್ಲಗೆ ಕರೆದರೂ ಕೇಳಿಸಿಕೊಳ್ಳುವ ಗುಮ್ಮಟ ಅದು ಎಂದು ಅವರೇ ಹೇಳಿದರು.

ಮೊದಲು ಕಾರಿನ ಕಥೆ ಕೇಳು. ಟಿಕೆಟ್ ಮಾಡಿಸಲು ಮಗಳ ಕಾರಿನಲ್ಲಿ ರೈಲು ನಿಲ್ದಾಣಕ್ಕೆ ಹೊರಟೆವು. ಮಗಳು ಓಡಿಸುವವಳು, ಪಕ್ಕದಲ್ಲಿ ನಿನ್ನ ಅಣ್ಣ, ಹಿಂದೆ ನಾನು ಮತ್ತು ಮೇಷ್ಟ್ರು. ಬೀದಿ ತಿರುಗುವಷ್ಟರಲ್ಲಿ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತಲು ಶುರು ಮಾಡಿತು. ಎದುರು ಸೈಕಲ್ ಬಂದರೆ ಒತ್ತುತ್ತಾರೆ, ನಾಯಿ ಬಂದರೆ ಒತ್ತುತ್ತಾರೆ, ದೂರದಲ್ಲಿ ದೀಪ ಕೆಂಪಾದರೆ ಇಲ್ಲಿಂದಲೇ ಒತ್ತುತ್ತಾರೆ. ಕಾಲ ಕೆಳಗಿನ ಮ್ಯಾಟು ಮುದುಡಿ ಮುಂದಕ್ಕೆ ಹೋಯಿತು. ಮಗಳು, "ಅಪ್ಪ, ಗಾಡಿ ಓಡಿಸ್ತಿರೋದು ನಾನು" ಎಂದಳು. "ನಾನೇನಂದೆ? ನೀನು ಓಡಿಸು" ಎಂದು ಇನ್ನೊಮ್ಮೆ ಒತ್ತಿದರು. ಈ ಮನುಷ್ಯ ರೈಲಿನಲ್ಲಿ ಕೂತರೆ ಎಂಜಿನ್ನಿನ ಬ್ರೇಕನ್ನೂ ಒತ್ತುತ್ತಾರೆ, ಬರೆದಿಟ್ಟುಕೋ.

ಅಂತೂ ಟಿಕೆಟ್ ಆಯಿತು. ಡಿಸೆಂಬರ್ ಮೊದಲ ವಾರ. ನಿಮ್ಮಿಬ್ಬರದೂ, ನಮ್ಮಿಬ್ಬರದೂ ಒಂದೇ ಬೋಗಿ. ಟಿಕೆಟ್ ಕೈಗೆ ಬಂದಾಗ ಇವರ ಮುಖ ನೋಡಬೇಕಿತ್ತು, ಇಂಜೆಕ್ಷನ್ ಸೂಜಿ ಹಿಡಿದು ನಿಂತ ನಿನ್ನನ್ನು ನೋಡುವ ರೋಗಿಯ ಮುಖ.

ಆಮೇಲೆ ಮನೆಯಲ್ಲಿ ಮೇಷ್ಟ್ರು, "ಭಾವ, ನನ್ನದು ಬರೀ ಪುಸ್ತಕದ ಜ್ಞಾನ. ನೀವು ಹೋಗಿ ಹೋಗಿ ಸವೆದವರು. ನೀವೇ ಯೋಜನೆ ಹಾಕಿ" ಎಂದು ನಯವಾಗಿ ಹೇಳಿದರು. ಇವರಿಗೆ ಉತ್ಸಾಹ ಬಂತು. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೆಲದ ಮೇಲೆ ಹಾಸಿ, ಮೊಣಕಾಲೂರಿ ಕೂತು ಆ ಊರನ್ನೇ ಬರೆದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಎಷ್ಟು ಸಲೀಸಾಗಿ ಬರೆದರು ಎನ್ನುತ್ತೀಯ. ಇಲ್ಲಿ ಬಸ್ಸುಗಳು ನಿಲ್ಲುವ ಮೈದಾನ. ಇಲ್ಲಿ ಬೆಳಗಿನ ಜಾವಕ್ಕೇ ಬಾಗಿಲು ತೆಗೆಯುವ ಟೈರ್ ಅಂಗಡಿ, ಬಹಳ ಒಳ್ಳೆಯ ಮನುಷ್ಯ. ಇಲ್ಲಿ ಸ್ನಾನಕ್ಕೆ ಬಿಸಿನೀರು. ಇಲ್ಲಿ ಮರದ ನೆರಳು, ಮಧ್ಯಾಹ್ನ ಎಂಜಿನ್ ತಣ್ಣಗಾಗಲು. ಇಲ್ಲಿ ಡೀಸೆಲ್, ನೀರು ಬೆರೆಸುವುದಿಲ್ಲ. ಇಲ್ಲಿ ಊಟ.

"ಊಟ ಇಲ್ಲೇ ಮಾಡೋಣ" ಎಂದರು. "ಹಿಂದಿನ ಬಾಗಿಲಿಂದ ಹೋದರೆ ಅಡುಗೆಮನೆ ಪಕ್ಕ ಒಂದು ಕೋಣೆ ಇದೆ. ಬಿಸಿಬಿಸಿ ಬಡಿಸ್ತಾರೆ. ನಮ್ಮನ್ನ ದುಡ್ಡೇ ಕೇಳೋದಿಲ್ಲ."

ಅದು ಡ್ರೈವರುಗಳ ಕೋಣೆ ಗುಬ್ಬಿ. ಬಸ್ಸು ತುಂಬ ಜನರನ್ನು ತಂದು ಇಳಿಸಿದ್ದಕ್ಕೆ ಹೋಟೆಲಿನವರು ಡ್ರೈವರಿಗೆ ಪುಕ್ಕಟೆ ಹಾಕುವ ಊಟ. ನನಗೆ ರೇಗಿತು. "ರೀ, ಈ ಸಲ ನೀವು ಪ್ರವಾಸಿ. ಮುಂದಿನ ಬಾಗಿಲಿಂದ ಹೋಗಿ, ಕಿಟಕಿ ಪಕ್ಕ ಕೂತು, ಏನು ಬೇಕೋ ಕೇಳಿ ತರಿಸ್ಕೊಂಡು ತಿನ್ನಿ" ಎಂದೆ. "ಮುಂದೆ ಹೇಗಿದೆ ಅಂತ ನನಗೆ ಗೊತ್ತಿಲ್ಲ. ಹಿಂದೆ ಚೆನ್ನಾಗಿರುತ್ತೆ" ಎಂದರು. ಇಂಥವರಿಗೆ ಏನು ಹೇಳುವುದು?

ಮೇಷ್ಟ್ರು ಹಾಳೆಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಎಲ್ಲ ಇದೆ ಭಾವ. ಗೋರಿ ಎಲ್ಲಿ?" ಎಂದು ಕೇಳಿದರು. ನೋಡಿದರೆ ನಿಜವಾಗಿಯೂ ಇಲ್ಲ. ಟೈರ್ ಅಂಗಡಿ ಇದೆ, ಗೋರಿ ಇಲ್ಲ. ನಾವೆಲ್ಲ ನಕ್ಕೆವು. ಇವರೂ ನಕ್ಕು, ಮೂಲೆಯಲ್ಲಿ ಒಂದು ಅರ್ಧ ವೃತ್ತ ಎಳೆದು, "ಇಲ್ಲಿ, ಮರಗಳ ಮೇಲೆ ಕಾಣುತ್ತೆ" ಎಂದರು.

ಇಲ್ಲಿಯವರೆಗೆ ತಮಾಷೆ. ಇನ್ನು ಮುಂದಿನದನ್ನು ಮೇಷ್ಟ್ರು ನಿನಗೆ ಹೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಅವರು ದೊಡ್ಡ ಮನಸ್ಸಿನವರು, ಹೇಳಲಿಕ್ಕಿಲ್ಲ.

ಅವರು ಶಾಲೆಯಿಂದ ಚಿತ್ರಗಳ ಒಂದು ದಪ್ಪ ಪುಸ್ತಕ ತಂದಿದ್ದರು. ಹಾಳೆ ಮಗುಚುತ್ತಾ ಕೂತೆವು. ದೊಡ್ಡ ಬಾಗಿಲು, ನೀರಿನ ಕಾಲುವೆ, ದೂರದಲ್ಲಿ ಬಿಳಿ ಗೋರಿ. ಎಲ್ಲಕ್ಕೂ ನಿನ್ನ ಅಣ್ಣ ತಲೆ ಆಡಿಸುತ್ತಿದ್ದರು. ಒಂದು ಹಾಳೆಯಲ್ಲಿ ಒಂದು ಕೋಣೆ ಬಂತು. ಅರೆಬೆಳಕು. ಕಲ್ಲನ್ನೇ ಕಸೂತಿಯಂತೆ ತೂತು ತೂತಾಗಿ ಕೊರೆದು ಮಾಡಿದ ಜಾಲರಿ, ಅದರೊಳಗೆ ಎರಡು ಸಮಾಧಿ, ಬಣ್ಣದ ಕಲ್ಲಿನ ಹೂಬಳ್ಳಿ. ಇವರು ಕನ್ನಡಕ ಮೇಲೆತ್ತಿಕೊಂಡು ಬಹಳ ಹೊತ್ತು ನೋಡಿದರು. ನೋಡಿ, "ಇದು ಯಾವ ಊರಿಂದು ಮೇಷ್ಟ್ರೇ? ಚೆನ್ನಾಗಿದೆ. ಇಲ್ಲಿಗೂ ಹೋಗೋಣವಾ?" ಎಂದು ಕೇಳಿದರು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು, "ಹೋಗೋಣ ಭಾವ, ಅದೇ ದಾರಿಯಲ್ಲೇ ಇದೆ" ಎಂದು ಹಾಳೆ ಮಗುಚಿದರು. ಅದು ಗುಮ್ಮಟದ ಕೆಳಗಿನ ಕೋಣೆ ಎಂದು ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ವಯಸ್ಸಾಯಿತು, ಮರೆತಿರಬಹುದು ಎಂದು ನೀನು ಬರೆಯುತ್ತೀಯ. ಬರೆಯಬೇಡ. ನಿನ್ನ ಅಣ್ಣ ಒಂದು ಸಲ ಗಾಡಿ ಕೆಟ್ಟು ನಿಂತ ಜಾಗವನ್ನು ಎಂದೂ ಮರೆತವರಲ್ಲ. ಟೈರ್ ಅಂಗಡಿಯವನ ಮಗಳಿಗೆ ಯಾವ ಊರಿಗೆ ಮದುವೆಯಾಯಿತು ಎನ್ನುವುದೂ ಅವರಿಗೆ ನೆನಪಿದೆ. ಆ ಕೋಣೆಯನ್ನು ಕಂಡಿದ್ದರೆ ಮರೆಯುತ್ತಿದ್ದರೇ? ಇವರು ಒಳಗೆ ಕಾಲಿಟ್ಟಿದ್ದಾರೋ ಇಲ್ಲವೋ ಎಂದು ನನಗೆ ಅನುಮಾನ. ಅನುಮಾನವನ್ನು ಒಳಗೇ ಇಟ್ಟುಕೊಂಡು ಎರಡು ದಿನ ಸೀಟು ಹೊಲಿದೆ, ಎರಡು ಸೀಟು ಉಲ್ಟಾ ಆದವು. ನಮ್ಮ ಅಂಗಡಿ ಯಜಮಾನರು, "ಏನಮ್ಮ, ಜನ ಇದರ ಒಳಗೆ ಕೂರಬೇಕಾ?" ಎಂದು ಕೇಳಿದರು.

ನಿನಗೆ ಏನಾದರೂ ಗೊತ್ತೇ? ನಿನ್ನ ಹತ್ತಿರ ಎಂದಾದರೂ ಹೇಳಿದ್ದರೇ? ಗೊತ್ತಿದ್ದರೆ ಸುತ್ತಿ ಬಳಸಿ ಬರೆಯಬೇಡ, ನೇರವಾಗಿ ಬರೆ. ನಾನು ಗಟ್ಟಿ ಇದ್ದೇನೆ.

ನಿನ್ನ
ಅತ್ತಿಗೆ


ಅಕ್ಟೋಬರ್ ೧೭

ಪ್ರೀತಿಯ ಗುಬ್ಬಿಗೆ,

ನೀನು, ನಿನ್ನ ಮೇಷ್ಟ್ರು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂತು. ನಿನಗೂ ಏನೂ ಗೊತ್ತಿಲ್ಲವೆಂದು ಬರೆದಿದ್ದೀಯ, ನಂಬಿದೆ. ನಾನು ಸುಮ್ಮನಿದ್ದದ್ದಕ್ಕೆ ನಿನಗೆ ಗಾಬರಿಯಾಗಿರಬೇಕು. ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಅಥವಾ ನಾನೇ ಅಡ್ಡ ತರುತ್ತಿದ್ದೆ.

ಡಿಸೆಂಬರಿಗೆ ನಾನು ಬರುವುದಿಲ್ಲ. ನೀವಿಬ್ಬರೂ ಹೋಗಿ ಬನ್ನಿ. ನಮ್ಮ ಟಿಕೆಟ್ಟುಗಳನ್ನು ಏನು ಮಾಡಬೇಕು ಎಂದು ಮೇಷ್ಟ್ರೇ ನೋಡಲಿ, ಬೇರೆ ಯಾರಾದರೂ ಬರುವುದಾದರೆ ಕರೆದುಕೊಂಡು ಹೋಗಲಿ. ನನಗೆ ಈ ಪ್ರವಾಸ ಸಾಕಾಗಿದೆ. ಹೊರಡುವ ಮೊದಲೇ ಸುಸ್ತಾದವಳು ನಾನೊಬ್ಬಳೇ ಇರಬೇಕು. ಮಂಜು ಕೇಳಿದೆ, ಬಿಸಿಲು ಕೇಳಿದೆ, ಮಣ್ಣು ಮೆತ್ತಿದ್ದು ಕೇಳಿದೆ. ಈಗ ಏನೂ ಕೇಳುವುದು ಬೇಡ.

ನಿನ್ನ ಅಣ್ಣ ಇದ್ದಾರೆ, ಚೆನ್ನಾಗಿಯೇ ಇದ್ದಾರೆ. ಬೆಳಿಗ್ಗೆ ಎದ್ದು ಮನೆಯ ಮುಂದೆ ನಿಂತಿರುವ ಅವರಿವರ ಗಾಡಿಗಳ ಟೈರನ್ನು ಒದ್ದು ನೋಡಿ, ಗಾಳಿ ಕಡಿಮೆ ಇದೆ ಎಂದು ಬಾಗಿಲು ತಟ್ಟಿ ಹೇಳಿ ಬರುತ್ತಾರೆ. ಬೀದಿಯವರಿಗೆಲ್ಲ ಅವರನ್ನು ಕಂಡರೆ ಈಗ ಸ್ವಲ್ಪ ಭಯ. ನನ್ನ ಜೊತೆ ಮಾತು ಕಡಿಮೆ. ಗಡಿಯಾರಕ್ಕೆ ಇನ್ನೂ ಮೊಳೆ ಹೊಡೆದಿಲ್ಲ, ಅದು ಅಲಮಾರದ ಮೇಲೆ ಬೆನ್ನು ಮೇಲೆ ಮಾಡಿ ಮಲಗಿದೆ. ಮಗಳು ಬಂದು ಇಬ್ಬರ ಮುಖವನ್ನೂ ನೋಡಿ, "ಏನಾಯ್ತು ನಿಮಗೆ?" ಎಂದು ಕೇಳುತ್ತಾಳೆ. ಏನೂ ಇಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳುತ್ತೇವೆ. ಅದೊಂದರಲ್ಲಿ ಒಗ್ಗಟ್ಟಿದೆ.

ನಿನಗೆ ದೊಡ್ಡ ನರ್ಸಮ್ಮನ ಕೆಲಸ ಖಾಯಂ ಆದದ್ದು ಕೇಳಿ ತುಂಬ ಸಂತೋಷವಾಯಿತು. ಅಲ್ಲಿಗೆ ಹೋದಾಗ ಮೈ ಬೆಚ್ಚಗಿಡು, ಕಾಲಿಗೆ ಉಣ್ಣೆ ಕಾಲುಚೀಲ ಹಾಕು. ಮೇಷ್ಟ್ರು ಕೋಟೆಯಲ್ಲಿ ಕಲ್ಲು ಕಲ್ಲಿಗೂ ನಿಂತರೆ ರೇಗಬೇಡ. ಅವರು ತಾವು ಕಂಡದ್ದನ್ನು ಕಂಡೆ ಎನ್ನುವವರು, ಕಾಣದ್ದನ್ನು ಪುಸ್ತಕದಲ್ಲಿ ಓದಿದೆ ಎನ್ನುವವರು. ಅಂಥ ಗಂಡ ಸಿಗುವುದು ಕಷ್ಟ. ನೂರು ಕಾಲ ಇಬ್ಬರೂ ಹೀಗೇ ಜಗಳವಾಡಿಕೊಂಡು ಸುಖವಾಗಿರಿ.

ನಿನ್ನ
ಅತ್ತಿಗೆ

ಹೀಗೆ ಸಹಿ ಹಾಕಿ, ಲಕೋಟೆ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ. ಇದನ್ನು ಹೇಳದೆ ಕಳಿಸಿದರೆ ನಾನು ನಿನಗೆ ಸುಳ್ಳು ಹೇಳಿದಂತೆ. ಈ ಮನೆಯಲ್ಲಿ ಈಗ ಸುಳ್ಳಿಗೆ ಜಾಗವಿಲ್ಲ.

ಹೋದ ವಾರ ಮಧ್ಯಾಹ್ನ ನಿನ್ನ ಅಣ್ಣ ನನ್ನ ಊಟದ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬಂದರು. ನಾನು ಬೇಕೆಂದೇ ಮರೆತು ಹೋಗಿದ್ದೆ, ಹಸಿವಿರಲಿಲ್ಲ. ಯಜಮಾನರು ಊಟಕ್ಕೆ ಹೋಗಿದ್ದರು. ನೆಲದ ಮೇಲೆ ಒಂದು ಹಳೆಯ ಬಸ್ಸಿನ ಸೀಟು ಬಿದ್ದಿತ್ತು, ರೆಕ್ಸಿನ್ ಬಿಚ್ಚಿದ್ದೆ, ಬರೀ ಫೋಮು. ಅದರ ಮೇಲೆ ಕೂತರು. ನಾನು ಮಿಷನ್ ನಿಲ್ಲಿಸಲಿಲ್ಲ.

"ನಾನು ಒಂದ್ಸಲಾನೂ ಒಳಗೆ ಹೋಗಿಲ್ಲ ಕಣೆ" ಎಂದರು.

ಮಿಷನ್ ನಿಲ್ಲಿಸಿದೆ.

"ಜನ ಸಾಮಾನೆಲ್ಲ ಬಸ್ಸಲ್ಲೇ ಬಿಟ್ಟು ಇಳೀತಾರೆ. ಕ್ಲೀನರ್ ನಿದ್ದೆ ಮಾಡ್ತಾನೆ. ಒಂದು ಪೆಟ್ಟಿಗೆ ಹೋದರೆ ಮಾಲೀಕರು ನನ್ನನ್ನ ಕೇಳ್ತಾರೆ. ಬಸ್ಸು ಕಾಯೋದೂ ನನ್ನ ಕೆಲಸಾನೇ. ಮೈದಾನದಿಂದ ನೋಡಿದರೆ ಮರಗಳ ಮೇಲೆ ತುದಿ ಕಾಣುತ್ತೆ. ಅಷ್ಟೇ ನಾನು ನೋಡಿರೋದು. ಉಳಿದದ್ದೆಲ್ಲ ವಾಪಸ್ ಬರ್ತಾ ಜನ ಮಾತಾಡ್ಕೊಳ್ಳೋದು ಕೇಳಿದ್ದು."

ಅದು ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಅದಕ್ಕೆ ಕೋಪವೂ ಬರಲಿಲ್ಲ. ಡ್ರೈವರನ ಹೆಂಡತಿಗೆ ಅಷ್ಟೂ ಅರ್ಥವಾಗದಿದ್ದರೆ ಹೇಗೆ? ನಾನು ಒಂದೇ ಮಾತು ಕೇಳಿದೆ. "ಹಾಗಾದ್ರೆ ಆ ಸಲ?"

ಆ ಸಲ ಎಂದರೆ ಯಾವ ಸಲ ಎಂದು ನಿನಗೂ ಈಗ ಹೇಳಬೇಕು. ನೀನು ಆಗ ಇನ್ನೂ ಶಾಲೆಗೆ ಹೋಗುತ್ತಿದ್ದೆ. ನಮ್ಮ ಮೊದಲನೆಯವನನ್ನು ನೀನು ಸೊಂಟದಿಂದ ಇಳಿಸುತ್ತಿರಲಿಲ್ಲ. ಅವನಿಗೆ ಹೆಸರು ಹುಡುಕಿದವಳೂ ನೀನೇ, ನಿನ್ನ ಪಾಠದ ಪುಸ್ತಕದಿಂದ. ಅವನಿಗೆ ಜ್ವರ ಬಂದಾಗ ನಿನ್ನ ಅಣ್ಣ ಜನರನ್ನು ಕರೆದುಕೊಂಡು ಅದೇ ಊರಿಗೆ ಹೋಗಿದ್ದರು. ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಅವರು ಬರುವಷ್ಟರಲ್ಲಿ ಎಲ್ಲ ಮುಗಿದು, ಅವನ ಬಟ್ಟೆಗಳನ್ನೂ ಯಾರೋ ಒಗೆದು ಮಡಚಿ ಇಟ್ಟಿದ್ದರು. ಆಮೇಲೆ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಂದ ಆಡಲಿಲ್ಲ. ನೀನೂ ಆಡಲಿಲ್ಲ. ಆಮೇಲೆ ಹುಟ್ಟಿದ ಮಗಳಿಗೂ ಹೇಳಲಿಲ್ಲ.

ನಾನು ಊಟ ಬಿಟ್ಟಿದ್ದು ನಿನಗೆ ನೆನಪಿರಬೇಕು, ತಟ್ಟೆ ಹಿಡಿದು ನನ್ನ ಮುಂದೆ ಕೂರುತ್ತಿದ್ದವಳು ನೀನೇ. ಅದರ ಮುಂದಿನ ಟೂರಿಗೆ ಇವರು ಮತ್ತೆ ಅಲ್ಲಿಗೆ ಹೋಗಿ ಬಂದರು. ಬಂದು ನನ್ನ ಹಾಸಿಗೆಯ ಪಕ್ಕ ಕೂತು ಹೇಳಿದರು: "ಗುಮ್ಮಟದ ಕೆಳಗೆ ನಿಂತು ಅವನ ಹೆಸರು ಕರೆದೆ. ಅದು ಮೇಲೆ ಹೋಗಿ ಸುತ್ತುತ್ತಾ ಇತ್ತು. ನಾನು ಹೊರಗೆ ಬಂದರೂ ಇಳಿದಿರಲಿಲ್ಲ. ಇನ್ನೂ ಅಲ್ಲೇ ಇದೆ ಕಣೆ." ಆವತ್ತು ನಾನು ಎದ್ದು ಕೂತು ತುತ್ತು ಬಾಯಿಗಿಟ್ಟೆ. ಇಷ್ಟು ವರ್ಷ ಮಿಷನ್ ತುಳಿಯುವಾಗ ಆಗಾಗ ಅಂದುಕೊಳ್ಳುತ್ತಿದ್ದೆ, ನಾವು ಯಾರೂ ಆಡದಿದ್ದರೇನು, ಒಂದು ಜಾಗದಲ್ಲಿ ಅವನ ಹೆಸರು ಓಡಾಡಿಕೊಂಡಿದೆ. ಒಂದು ದಿನ ಹೋಗಿ ನಾನೂ ಕರೆಯಬೇಕು, ಅವನಿಗೆ ಅಮ್ಮನ ದನಿಯೂ ಕೇಳಲಿ. ನನ್ನ ಹುಚ್ಚು ಇದು. ಇನ್ನು ನಕ್ಕರೂ ಸರಿ.

ಈಗ ಅಂಗಡಿಯಲ್ಲಿ ಇವರು ನೆಲ ನೋಡುತ್ತಾ ಹೇಳಿದರು. "ಆ ಸಲ ಕ್ಲೀನರನ್ನ ಎಬ್ಬಿಸಿ ಕೂರಿಸಿ ದೊಡ್ಡ ಬಾಗಿಲವರೆಗೂ ಹೋದೆ. ಎಲ್ಲರೂ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಫೋಟೋ ತೆಗೆಸ್ಕೊಳ್ತಿದ್ರು. ನನ್ನ ಕೈಲಿ ಆಗಲಿಲ್ಲ. ವಾಪಸ್ ಬಂದು, ಕ್ಲೀನರನ್ನ ಕೆಳಗಿಳಿಸಿ, ಬಸ್ಸಿನ ಗಾಜೆಲ್ಲ ಹಾಕಿ, ಹಿಂದಿನ ಸೀಟಲ್ಲಿ ಕೂತು ಕರೆದೆ."

"ಬಸ್ಸಲ್ಲಾ?" ಎಂದೆ.

"ಬಸ್ಸಲ್ಲಿ. ಗುಮ್ಮಟದ ಮಾತನ್ನ ಬರೋವಾಗ ಒಬ್ಬ ಮುದುಕರು ಹೇಳ್ತಿದ್ರು. ಕೇಳಿಸ್ಕೊಂಡೆ. ನಿನಗೆ ಏನಾದರೂ ತರಬೇಕಿತ್ತು."

ಗುಬ್ಬಿ, ನಾನು ಬಸ್ಸಿನ ಸೀಟು ಹೊಲಿಯುವವಳು. ಫೋಮು, ರೆಕ್ಸಿನ್ನು ಶಬ್ದವನ್ನು ಏನು ಮಾಡುತ್ತವೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನುಂಗಿಬಿಡುತ್ತವೆ. ಸುತ್ತುವ ಮಾತು ಹಾಗಿರಲಿ, ಎರಡನೆಯ ಸೀಟಿನವರೆಗೂ ಹೋಗುವುದಿಲ್ಲ. ಅವನ ಹೆಸರು ಎಲ್ಲೂ ಇಲ್ಲ. ಎಂದೂ ಇರಲಿಲ್ಲ. ನನಗೆ ಚುಚ್ಚಿದ್ದು ಅದು, ಇವರು ಒಳಗೆ ಹೋಗಲಿಲ್ಲ ಎನ್ನುವುದಲ್ಲ. ಡಬ್ಬಿ ಮುಚ್ಚಳ ತೆಗೆಯದೆ ಇವರನ್ನು ಮನೆಗೆ ಕಳಿಸಿದೆ. ಒಂದು ವಾರ ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ. ಆ ಕೋಪದಲ್ಲೇ ಮೇಲಿನ ಕಾಗದ ಬರೆದೆ.

ಇದನ್ನು ಬರೆಯುತ್ತಿರುವಾಗ ಒಂದು ಯೋಚನೆ ಬರುತ್ತಿದೆ, ನನಗೇ ರೇಗುತ್ತಿದೆ. ಗಾಜೆಲ್ಲ ಹಾಕಿಕೊಂಡು, ಯಾರಿಗೂ ಕೇಳದ ಹಾಗೆ, ಒಬ್ಬರೇ ಕೂತು ಕರೆದಿದ್ದಾರೆ. ನನಗೆ ಸುತ್ತುವ ದನಿ ತಂದುಕೊಟ್ಟರು, ತಾವು ಏನೂ ಕೇಳಿಸಿಕೊಳ್ಳಲಿಲ್ಲ. ಮಂಜು, ಬಿಸಿಲು, ಮಣ್ಣು ಎಂದು ಇಷ್ಟು ತಿಂಗಳು ಅಡ್ಡಗಾಲು ಹಾಕಿದ್ದು ಇದಕ್ಕೆ. ಮೊದಲೇ ಹೇಳಿದ್ದರೆ ಒಂದು ಏಟು ಕೊಟ್ಟು ಸುಮ್ಮನಾಗುತ್ತಿದ್ದೆನಲ್ಲ.

ಈಗ ಬಾಗಿಲಲ್ಲಿ ನಿಂತು, "ಅಂಚೆಗೆ ಹಾಕಿ ಬರಲಾ?" ಎಂದು ಕೇಳುತ್ತಿದ್ದಾರೆ. ಯಾರಿಗೆ ಎಂದು ಕೇಳಲಿಲ್ಲ. ತಡೀರಿ ಎಂದಿದ್ದೇನೆ.

ಮೇಷ್ಟ್ರಿಗೆ ಹೇಳು, ಟಿಕೆಟ್ಟುಗಳನ್ನು ಏನೂ ಮಾಡಬೇಡಿ. ನಾವು ಬರುತ್ತೇವೆ. ಊಟ ಮುಂದಿನ ಬಾಗಿಲಿನಿಂದಲೇ ಹೋಗಿ ಮಾಡುತ್ತೇವೆ. ಗುಮ್ಮಟದ ಕೆಳಗೆ ಮೊದಲು ಇವರು ಕರೆಯಲಿ, ಆಮೇಲೆ ನಾನು ಕರೆಯುತ್ತೇನೆ, ಆಮೇಲೆ ಅವನಿಗೆ ಹೆಸರಿಟ್ಟ ನೀನು. ಕಾವಲಿನವರು ಬೈದರೆ ಮೇಷ್ಟ್ರು ಮಾತಾಡಲಿ. ಸಾಮಾನು ಕಾಯಬೇಕು, ನೀವು ಹೋಗಿ ಬನ್ನಿ ಎಂದು ನಿನ್ನ ಅಣ್ಣ ಖಂಡಿತ ರಾಗ ತೆಗೆಯುತ್ತಾರೆ, ನನಗೆ ಗೊತ್ತು. ಆಗ ನೀನು ಒಂದು ಕೈ ಹಿಡಿದುಕೋ, ನಾನು ಒಂದು ಕೈ ಹಿಡಿದುಕೊಳ್ಳುತ್ತೇನೆ. ಈ ಸಲ ಸಾಮಾನನ್ನು ಬೇರೆ ಯಾರಾದರೂ ಕಾಯಲಿ.